ಅಂಗೈಯಗಲದ ಮೋಟಾರು ಗಾಡಿ

ಮಕ್ಕಳಿರುವ ಮನೆಯಲ್ಲಿ ಆಟದ ಸಾಮಾನಿಗೆ ಕೊರತೆಯಿಲ್ಲ. ಜಾತ್ರೆಯಲ್ಲಿ ಒಂದು, ಹುಟ್ಟಿದ ಹಬ್ಬಕ್ಕೆ ಒಂದು, ಊರಿನಿಂದ ಬಂದ ನೆಂಟರ ಕೈಯಿಂದ ಒಂದು, ಹೀಗೆ ಬಂದ ಗಾಡಿಗಳೂ ಗೊಂಬೆಗಳೂ ನಾಲ್ಕು ದಿನ ಮೆರೆದು, ಐದನೆಯ ದಿನ ಚಕ್ರ ಕಳೆದುಕೊಂಡು ಮಂಚದ ಕೆಳಗೆ ಸೇರುವುದು ಎಲ್ಲ ಗೃಹಸ್ಥರಿಗೂ ತಿಳಿದ ಸಂಗತಿ. ಕೊಂಡು ತಂದುದಕ್ಕೆ ಹುಡುಗನಿಗೆ ಮಮತೆ ಕಡಮೆ. ತಾನೇ ಮಾಡಿದುದಕ್ಕೆ ಮಮತೆ ಹೆಚ್ಚು. ಆದುದರಿಂದ ಕೊಂಡು ತಂದರೂ ಮಾಡದೆ ಮುಗಿಯದಂಥ ಒಂದು ಆಟವನ್ನು ಕುರಿತು, ಜಂಗಮಕೋಟೆಯ ನಮ್ಮ ಮನೆಯಲ್ಲಿ ಕಳೆದ ಬೇಸಗೆಯ ರಜೆಯಲ್ಲಿ ನಡೆದ ಅನುಭವದೊಡನೆ, ವಾಚಕರಿಗೆ ಎರಡು ಮಾತು ಅರಿಕೆ ಮಾಡುತ್ತೇನೆ.

ಹಳೆಯ ಕಾಲದ ಮೋಟಾರು ಗಾಡಿಗಳನ್ನು ಅಳತೆಗೆ ಸರಿಯಾಗಿ ಕುಗ್ಗಿಸಿ, ಬಿಡಿಭಾಗಗಳಾಗಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದು, ಪೆಟ್ಟಿಗೆಯಲ್ಲಿಟ್ಟು ಮಾರುವುದುಂಟು. ಕೊಂಡವನು ಭಾಗಗಳನ್ನು ಬಿಡಿಸಿ, ಅರದಿಂದ ಸವರಿ, ಅಂಟಿಸಿ, ಬಣ್ಣ ಹಚ್ಚಿ ಗಾಡಿಯನ್ನು ಕಟ್ಟಬೇಕು. ಇದರ ಜೀವಾಳವೆಲ್ಲ ಪ್ರಮಾಣದಲ್ಲಿದೆ. ಒಂದಕ್ಕೆ ಇಪ್ಪತ್ತನಾಲ್ಕು ಎಂದರೆ ನಿಜವಾದ ಗಾಡಿಯ ಒಂದು ಅಡಿಗೆ ಮಾದರಿಯಲ್ಲಿ ಅರ್ಧ ಅಂಗುಲ. ಫೋರ್ಡ್ ಕಂಪನಿಯ ಹೆಸರಾಂತ 'ಮಾಡೆಲ್ ಟಿ' ಗಾಡಿಯಲ್ಲಿ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ೧೦೦ ಅಂಗುಲ. ಅದು ಮಾದರಿಯಲ್ಲಿ ನಾಲ್ಕು ಅಂಗುಲಕ್ಕೆ ತುಸು ಮೇಲೆ ಬರುತ್ತದೆ. ೩೦ ಅಂಗುಲದ ಚಕ್ರ ಒಂದೂಕಾಲು ಅಂಗುಲವಾಗುತ್ತದೆ. ಹುಡುಗನೊಬ್ಬ ಈ ಲೆಕ್ಕವನ್ನು ಗಾಡಿಯ ಮೇಲೆ ಮಾಡಿದರೆ, ಪಾಠಶಾಲೆಯಲ್ಲಿ ಭಾಗಾಕಾರ ಅವನಿಗೆ ಮತ್ತೆ ಕಹಿಯಾಗದು.

ಈ ಕಲೆಯ ಚರಿತ್ರೆ ಬಹಳ ಹಳೆಯದಲ್ಲ. ಇಂಗ್ಲೆಂಡಿನಲ್ಲಿ ಆಟದ ರೈಲುಗಳನ್ನು ಮಾಡುತ್ತಿದ್ದ ಫ್ರಾಂಕ್ ಹಾರ್ನ್‌ಬಿಯವರ ಕಾರ್ಖಾನೆಯಿಂದ ಹೊರಟ ಲೋಹದ ಪುಟ್ಟ ಗಾಡಿಗಳು ೧೯೩೪ರಲ್ಲಿ 'ಡಿಂಕಿ ಟಾಯ್ಸ್' ಎಂಬ ಹೆಸರು ಪಡೆದವು. ಒಂದಕ್ಕೆ ನಲವತ್ತಮೂರು ಎಂಬ ವಿಚಿತ್ರ ಪ್ರಮಾಣ ಹುಟ್ಟಿದ್ದು ರೈಲಿನ ಅಳತೆಯಿಂದಲೇ. ಬಿಡಿಭಾಗಗಳನ್ನು ಕೊಂಡವರೇ ಕೂಡಿಸಬೇಕಾದ ಪ್ಲಾಸ್ಟಿಕ್ ವಿಮಾನಗಳು ೧೯೩೬ರಲ್ಲಿ ಅದೇ ದೇಶದಲ್ಲಿ ಬಂದವು. ೧೯೫೦ರ ದಶಕದ ಆದಿಯಲ್ಲಿ ಅಮೆರಿಕದ ರೆವೆಲ್ ಕಂಪನಿ ಹಳೆಯ ಮೋಟಾರುಗಳ ಮಾಲೆಯೊಂದನ್ನು ಒಂದಕ್ಕೆ ಮೂವತ್ತೆರಡರ ಪ್ರಮಾಣದಲ್ಲಿ ಮಾರಿದ ಮೇಲೆ ಈ ಹವ್ಯಾಸ ಮನೆಮನೆಗೂ ಹಬ್ಬಿತು. ನಮ್ಮ ದೇಶದಲ್ಲಿಯೂ ಡಿಂಕಿಯ ಹಳೆಯ ಅಚ್ಚುಗಳನ್ನು ತರಿಸಿಕೊಂಡು ಕಲ್ಕತ್ತೆಯಲ್ಲಿ 'ನಿಕ್ಕಿ ಟಾಯ್ಸ್' ಎಂಬ ಹೆಸರಿನ ಗಾಡಿಗಳನ್ನು ಮಾಡಿದ್ದುಂಟು.

ಆಟದ ಗಾಡಿಯ ಮಾತು ಬಂದಾಗ ಚನ್ನಪಟ್ಟಣವನ್ನು ಮರೆತರೆ ಕನ್ನಡಿಗರಿಗೆ ತಪ್ಪು ತಟ್ಟೀತು. ಅಲ್ಲಿಯ ಕುಶಲಿಗಳು ಹಾಲೆಮರವನ್ನು ಚರಕಿಗೆ ಕೊಟ್ಟು ತಿರುಗಿಸಿ, ಅರಗಿನ ಬಣ್ಣವನ್ನು ಒತ್ತಿ ಹಿಡಿದು, ಗರಿಯಿಂದ ಉಜ್ಜಿ ಹೊಳಪು ತರುವ ಚಮತ್ಕಾರ ಲೋಕಪ್ರಸಿದ್ಧ. ಆದರೆ ಚನ್ನಪಟ್ಟಣದ ಗಾಡಿ ಗಾಡಿಯೆಂಬ ಭಾವನೆಯನ್ನು ಕೊಡುತ್ತದೆ; ಈ ಮಾದರಿ ಇಂಥ ವರ್ಷದ ಇಂಥ ಗಾಡಿಯೆಂದು ಸಾಕ್ಷಿ ನುಡಿಯಬೇಕು. ಎರಡಕ್ಕೂ ಅವುಗಳದೇ ಆದ ಮರ್ಯಾದೆ ಇದೆ.

ನಮ್ಮ ಜಿಲ್ಲೆಗೂ ಮೋಟಾರಿಗೂ ಇರುವ ನಂಟನ್ನು ಇಲ್ಲಿ ನೆನೆಯುವುದು ಉಚಿತ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೫ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು, ಈ ದೇಶದಲ್ಲಿಯೇ ಗಾಡಿಗಳನ್ನು ಕಟ್ಟುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಪರಾಧೀನ ಕಾಲದ ಅಡ್ಡಿಗಳಿಂದ ಅದು ಕೂಡಲೇ ಕೈಗೂಡಲಿಲ್ಲ. ೧೯೪೪ರಲ್ಲಿ ವಾಲ್‌ಚಂದ್ ಹೀರಾಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದಾಗ ಆ ಕನಸಿಗೆ ಮೈ ಬಂತು. ಗಾಡಿಯನ್ನು ಕೊಳ್ಳುವುದು ಬೇರೆ, ಕಟ್ಟಲು ಕಲಿಯುವುದು ಬೇರೆ ಎಂಬುದನ್ನು ಆ ಹಿರಿಯರು ಅಂದೇ ಅರಿತಿದ್ದರು.

ಇನ್ನು ನಮ್ಮ ಮನೆಯ ವಿಷಯ. ಹನ್ನೆರಡು ವರ್ಷದ ನನ್ನ ಮಗನಿಗೆ ಬೆಂಗಳೂರಿನಿಂದ ಮಾಡೆಲ್ ಟಿ ಗಾಡಿಯ ಪೆಟ್ಟಿಗೆಯೊಂದನ್ನು ತಂದುಕೊಟ್ಟೆ. ಪೆಟ್ಟಿಗೆಯ ಮೇಲೆ ೧೯೧೪ನೆಯ ಇಸವಿಯ ಮಾದರಿಯೆಂದಿತ್ತು. ತೆರೆದು ನೋಡಿ, "ಅಪ್ಪಾ, ಇದಕ್ಕೆ ಕೆಂಪು ಬಣ್ಣ ಹಚ್ಚೋಣ" ಎಂದ. ಆ ಕಂಪನಿಯವರು ೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ಈ ಗಾಡಿಗಳನ್ನು ಮಾಡಿದರೂ, ೧೯೧೪ರಿಂದ ೧೯೨೫ರವರೆಗೆ ಕಪ್ಪಿನ ಹೊರತು ಬೇರೆ ಬಣ್ಣ ಕೊಡಲಿಲ್ಲವೆಂದು ತಿಳಿಸಿದೆ. ಮುಖ ಸಪ್ಪೆಯಾಯಿತು. ಆದರೆ ರೇಡಿಯೇಟರು ಹಿತ್ತಾಳೆಯದು, ಚಕ್ರದ ಅರಗಳು ಮರದವು, ಆ ಕಾಲದ ಟೈರುಗಳು ಬಹುಮಟ್ಟಿಗೆ ಬೂದುಬಿಳುಪಿನವು ಎಂದು ಹೇಳಿದಾಗ ಅವನಿಗೆ ಉತ್ಸಾಹ ಹುಟ್ಟಿತು. ಟೈರು ಕಪ್ಪಾದದ್ದು ರಬ್ಬರಿಗೆ ಇಂಗಾಲದ ಮಸಿಯನ್ನು ಬೆರೆಸುವ ಕ್ರಮ ಹಬ್ಬಿದ ಮೇಲೆ. ಹೀಗೆ ವರ್ಷವನ್ನು ಮೊದಲು ಗೊತ್ತುಮಾಡಿಕೊಂಡರೆ, ಬಣ್ಣ, ದೀಪ, ಚಕ್ರ ಎಲ್ಲವೂ ತಾವಾಗಿ ನಿಶ್ಚಯವಾಗುತ್ತವೆ.

ಕೆಲಸದ ಕ್ರಮ ಹೀಗೆ. ಅಚ್ಚಿನಿಂದ ಭಾಗಗಳು ಸಲೀಸಾಗಿ ಬಿಡಲೆಂದು ಕಾರ್ಖಾನೆಯಲ್ಲಿ ಸವರಿದ ಜಿಡ್ಡು ಅವುಗಳ ಮೇಲೆ ಉಳಿದಿರಬಹುದು. ಆದ್ದರಿಂದ ಚೌಕಟ್ಟುಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು ನೆರಳಲ್ಲಿ ಆರಿಸಬೇಕು. ಭಾಗಗಳನ್ನು ತಿರುಚಿ ಕೀಳಕೂಡದು; ಸಣ್ಣ ಇಕ್ಕಳದಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಅರದಿಂದಲೂ ನೀರಿನಲ್ಲಿ ನೆನೆಸಿದ ನಯವಾದ ಉಪ್ಪುಕಾಗದದಿಂದಲೂ ಸವರತಕ್ಕದ್ದು. ಅಂಟು ಹಚ್ಚುವ ಮುನ್ನ ಎರಡು ಭಾಗಗಳನ್ನು ಒಣಗಾಗಿ ಕೂಡಿಸಿ ನೋಡುವುದು ಅಗತ್ಯ. ಏಕೆಂದರೆ ಈ ಅಂಟು ಹಿಟ್ಟಿನ ಗೋಂದಿನಂತೆ ಹಿಡಿಯುವುದಿಲ್ಲ. ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸಿ ಎರಡನ್ನು ಒಂದು ಮಾಡುತ್ತದೆ. ಒಮ್ಮೆ ಕೂಡಿದ್ದನ್ನು ಬಿಡಿಸುವುದು ಕಷ್ಟ. ಮುಂದಿನ ಗಾಜಿಗೆ ಮಾತ್ರ ಮರಗೆಲಸದವರು ಬಳಸುವ ಬಿಳಿಯ ಅಂಟೇ ಲೇಸು. ಥಟ್ಟನೆ ಹಿಡಿಯುವ ಅಂಟಿನ ಆವಿ ಗಾಜನ್ನು ಮಂಜುಮಂಜಾಗಿಸುತ್ತದೆ. ಬಣ್ಣಕ್ಕೆ ಮೊದಲು ಒಂದು ಕೈ ಪ್ರೈಮರು, ಅದು ಆರಿದ ಮೇಲೆ ತೆಳುವಾಗಿ ಮೂರು ನಾಲ್ಕು ಕೈ ಬಣ್ಣ. ಒಂದೇ ಸಲ ದಪ್ಪಗೆ ಬಳಿದರೆ ಬಾಗಿಲಿನ ಗೀರುಗಳೂ ಮೊಳೆಗಳೂ ಮುಚ್ಚಿಹೋಗಿ, ಗಾಡಿ ಬೆಲ್ಲದ ಅಚ್ಚಿನಂತೆ ಕಾಣುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸುಸೂತ್ರವಾಗಿತ್ತು. ಬಣ್ಣದ ದಿನ ಒಂದು ಅನರ್ಥ ಕೂದಲೆಳೆಯಲ್ಲಿ ತಪ್ಪಿತು. ಅಂಗಳದಲ್ಲಿ ಗಾಳಿ ಎದ್ದು ಕೆಂಧೂಳು ಹಾರುತ್ತಿತ್ತು. ಹಸಿ ಬಣ್ಣಕ್ಕೆ ಧೂಳು ಕೂರದಿರಲೆಂದು ಹುಡುಗ ತುಂತುರು ಬಣ್ಣದ ಡಬ್ಬಿಯನ್ನು ಹಿಡಿದು ಹಿತ್ತಿಲ ಓಣಿಗೆ ಹೋದ. ಆ ಓಣಿಯ ಗೋಡೆಯಾಚೆ ನಮ್ಮ ಹುಳುಮನೆ. ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದು ಸೊಪ್ಪನ್ನು ಮುಗಿಬಿದ್ದು ತಿನ್ನುತ್ತಿದ್ದ ಸಮಯ. ರೇಷ್ಮೆಹುಳುವಿನ ಪ್ರಾಣ ಬಹು ನಾಜೂಕು. ಹೊಗೆಸೊಪ್ಪಿನ ಘಾಟು, ಔಷಧಿಯ ವಾಸನೆ, ಬಣ್ಣದ ಆವಿ ಯಾವುದೂ ಅದಕ್ಕೆ ಆಗದು. ಬಿತ್ತನೆಗೂ ಸೊಪ್ಪಿಗೂ ಆಳಿಗೂ ಮಾಡಿದ ಸಾಲವೆಲ್ಲ ಆ ಒಂದು ಬೆಳೆಯ ಮೇಲೆ ನಿಂತಿತ್ತು.

ಮೊದಲು ವಾಸನೆ ಹಿಡಿದವರು ನಮ್ಮ ತಾಯಿಯವರು. "ಯಾರೋ ಅದು ಓಣಿಯಲ್ಲಿ? ಹುಳು ಸಾಯಿಸುತ್ತೀಯಾ?" ಎಂದು ಕೂಗುತ್ತ ಬಂದು, ಡಬ್ಬಿಯನ್ನು ಕಿತ್ತುಕೊಂಡು, ಓಣಿಯ ಕಡೆಯ ಕಿಟಕಿಗಳನ್ನು ಮುಚ್ಚಿಸಿ, ಆಚೆಯ ಕಡೆಯವನ್ನೆಲ್ಲ ತೆರೆಸಿದರು. ಹುಡುಗ ಮೂಲೆಯಲ್ಲಿ ನಡುಗುತ್ತ ನಿಂತ. ಆ ರಾತ್ರಿ ನಮಗಾರಿಗೂ ನಿದ್ರೆಯಿಲ್ಲ. ಗಳಿಗೆಗೊಮ್ಮೆ ಬಾಗಿಲ ಬಳಿ ಹೋಗಿ ಕಿವಿಗೊಡುವುದು. ಹುಳು ಮೇಯುವ ಸದ್ದು ಸೋನೆಮಳೆಯಂತೆ ಕೇಳಿದರೆ ಉಸಿರು ಬಿಡುವುದು. ಬೆಳಗ್ಗೆ ಹುಳುಗಳು ಎಂದಿನಂತೆಯೇ ಸೊಪ್ಪಿಗೆ ಬಿದ್ದವು. ದೇವರು ದೊಡ್ಡವನು. ಹುಡುಗನನ್ನು ನಾನು ಬೈಯಲಿಲ್ಲ. ಡಬ್ಬಿಯನ್ನು ತಂದವನು ನಾನು. ಎಲ್ಲಿ ಬಳಸಬೇಕು, ಎಲ್ಲಿ ಕೂಡದು ಎಂದು ಹೇಳದೆ ಕೊಟ್ಟವನೂ ನಾನೇ. ಆದುದರಿಂದ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ: ಬಣ್ಣ, ಥಿನ್ನರು, ಅಂಟು ಇವುಗಳನ್ನು ಗಾಳಿಯಾಡುವ ಕಡೆ, ಒಲೆಗೂ ದೀಪಕ್ಕೂ ದೂರದಲ್ಲಿ, ದೊಡ್ಡವರ ಎದುರಿನಲ್ಲಿ ಮಾತ್ರ ಬಳಸಗೊಡಿ, ರೇಷ್ಮೆ ಸಾಕುವ ಮನೆಯಾದರೆ ಹುಳು ಹಣ್ಣಾಗಿ ಚಂದ್ರಿಕೆಗೆ ಏರಿ, ಗೂಡು ಬಿಡಿಸಿ ಮಾರುಕಟ್ಟೆಗೆ ಹೋಗುವವರೆಗೆ ಬಣ್ಣದ ಡಬ್ಬಿಯ ಮುಚ್ಚಳವನ್ನೇ ತೆರೆಯಬೇಡಿ.

ನಾವೂ ಹಾಗೆಯೇ ಮಾಡಿದೆವು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವವರೆಗೆ ಕಾಯುವ ದಿನಗಳಲ್ಲಿ ಬಣ್ಣ ಬೇಡದ ಸೂಕ್ಷ್ಮ ಕೆಲಸಗಳು ನಡೆದವು. ಈ ಕಲೆಯ ಸೊಗಸೆಲ್ಲ ಪೆಟ್ಟಿಗೆಯಲ್ಲಿ ಇಲ್ಲದುದನ್ನು ಸೇರಿಸುವುದರಲ್ಲಿದೆ. ಇಂಜಿನ್ನಿಗೆ ನಾಲ್ಕು ಸಿಲಿಂಡರು; ಒಂದೊಂದಕ್ಕೂ ಕಿಡಿ ಒಯ್ಯುವ ಒಂದೊಂದು ತಂತಿ. ನಿಜವಾದ ತಂತಿ ೭ ಮಿಲಿಮೀಟರು ದಪ್ಪವಿದ್ದರೆ ಮಾದರಿಗೆ ೦.೩ ಮಿಲಿಮೀಟರಿನದು ಬೇಕು. ಅಷ್ಟು ಸಣ್ಣ ತಂತಿ ಎಲ್ಲಿ ಸಿಕ್ಕೀತು? ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯಲ್ಲಿ ಕಸವಾಗಿ ಬಿದ್ದಿತ್ತು, ಕೇಳಿದೊಡನೆ ಕೊಟ್ಟರು. ಗಾಡಿಯ ಹಿಂಬದಿಯ ಹೊರೆಯನ್ನು ಬಿಗಿಯಲು ಹಗ್ಗ ಬೇಕಾಯಿತು. ಅಜ್ಜಿಯೇ ಮುನಿಸನ್ನು ಮರೆತು, ನೂಲು ಬಿಚ್ಚುವವರ ಮನೆಯಿಂದ ಎಳೆ ರೇಷ್ಮೆ ತಂದು, ಮೂರೆಳೆ ಹೊಸೆದು ಜೇನುಮೇಣ ಸವರಿ ಕೊಟ್ಟರು. ಚಕ್ರಗಳಿಗೆ ಹತ್ತಿಸಲು ನಮ್ಮ ಅಂಗಳದ ಕೆಮ್ಮಣ್ಣನ್ನೇ ವಸ್ತ್ರಗಾಳಿತ ಮಾಡಿ ಇಟ್ಟುಕೊಂಡೆವು. ಬಣ್ಣದ ಶತ್ರುವಾಗಿದ್ದ ಧೂಳು ಹೀಗೆ ಕೊನೆಗೆ ಅಲಂಕಾರವಾಯಿತು.

ನಮ್ಮ ತಂದೆಯವರಿಗೆ ಎಂಬತ್ತನಾಲ್ಕು ವರ್ಷ. ಯೌವನದಲ್ಲಿ ಬಾಡಿಗೆ ಕಾರನ್ನೂ ಲಾರಿಯನ್ನೂ ಓಡಿಸಿದವರು. ಈಗ ಕೈ ನಡುಗುತ್ತದೆ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಮೊದಲ ಕೆಲವು ದಿನ ದೂರದಿಂದಲೇ ನೋಡುತ್ತಿದ್ದರು. ಒಂದು ಸಂಜೆ ಮೊಮ್ಮಗ ಗಾಡಿಯ ಮುಂದೆ ಹ್ಯಾಂಡಲನ್ನು ಕೂಡಿಸುತ್ತಿದ್ದಾಗ, "ಕಂದ, ಅದನ್ನು ಹೊಡೆಯುವುದು ಹೇಗೆಂದು ಗೊತ್ತೇ?" ಎಂದರು.

"ತಿರುಗಿಸುವುದು ತಾನೆ, ತಾತಾ?"

"ತಿರುಗಿಸುವುದಲ್ಲ, ಮೇಲಕ್ಕೆ ಎಳೆಯುವುದು. ಹೆಬ್ಬೆರಳನ್ನು ಹಿಡಿಯ ಆಚೆಗೆ ಸುತ್ತಕೂಡದು. ಉಳಿದ ಬೆರಳುಗಳ ಕಡೆಗೇ ಇರಬೇಕು. ಇಂಜಿನ್ನು ಹಿಂದಕ್ಕೆ ಒದ್ದರೆ ಹೆಬ್ಬೆರಳು ಉಳಿಯುವುದಿಲ್ಲ" ಎಂದು ತಮ್ಮ ನಡುಗುವ ಕೈಯನ್ನೇ ಗಾಳಿಯಲ್ಲಿ ಹಿಡಿದು ತೋರಿಸಿದರು. ಆಶ್ಚರ್ಯವೇನೆಂದರೆ, ಆ ಹಿಡಿತದಲ್ಲಿ ನಡುಕ ಕಾಣಲಿಲ್ಲ.

ಅಂದಿನಿಂದ ಅವರ ಕುರ್ಚಿ ಮೇಜಿನ ಬಳಿಗೆ ಬಂತು. ಈ ಗಾಡಿಯ ಕಾಲಡಿಯಲ್ಲಿ ಮೂರು ಪೆಡಲುಗಳಿದ್ದರೂ ನಡುವಿನದು ಹಿಂದಕ್ಕೆ ಓಡಿಸಲು, ಬಲದ್ದು ಬ್ರೇಕಿಗೆ, ಇಂಜಿನ್ನಿನ ವೇಗಕ್ಕೆ ಇರುವುದು ಸ್ಟಿಯರಿಂಗಿನ ಕೆಳಗಿನ ಕೈಸನ್ನೆಯೆಂದು ಪುಸ್ತಕ ನೋಡಿ ಹೇಳಿದಾಗ, "ನಾನು ಇದನ್ನು ಓಡಿಸಲಾರೆನಪ್ಪ" ಎಂದು ನಕ್ಕರು. ಆದರೆ ಧೂಳು ಮಡ್ಗಾರ್ಡಿನ ಯಾವ ಕಡೆ ಹೆಚ್ಚು ಕೂರುತ್ತದೆ, ಎಣ್ಣೆ ಎಲ್ಲಿ ಜಿನುಗುತ್ತದೆ, ಕಾಲು ಸವೆದು ಬಣ್ಣ ಹೋಗುವ ಮೆಟ್ಟಿಲು ಯಾವುದು, ಇವನ್ನು ಯಾವ ಪುಸ್ತಕವೂ ಹೇಳಲಿಲ್ಲ; ಅವರು ಹೇಳಿದರು. ಮೊಮ್ಮಗನ ಕೈ, ತಾತನ ಕಣ್ಣು. ರೆಪ್ಪೆಯಷ್ಟು ಸಣ್ಣ ಕುಂಚದಿಂದ ಅವರು ಹೇಳಿದ ಕಡೆ ಒಂದೊಂದು ಚುಕ್ಕೆ ಬೀಳುತ್ತಿದ್ದಂತೆ, ಮನೆಯಲ್ಲಿ ಯಾರೂ ಹಿಂದೆ ಕೇಳಿರದ ಅವರ ಹಳೆಯ ದಾರಿಗಳ ಕಥೆಗಳು ಹೊರಬಂದವು.

ಇಂಥ ಕೆಲಸಕ್ಕೆ ತೊಡಗುವವರು ಮಕ್ಕಳೊಡನೆ ಒಮ್ಮೆ ನಿಜವಾದ ಹಳೆಯ ಗಾಡಿಗಳನ್ನು ಕಂಡು ಬರುವುದು ಮೇಲು. ಧರ್ಮಸ್ಥಳದ ವಸ್ತುಸಂಗ್ರಹದಲ್ಲಿಯೂ, ಶ್ರೀರಂಗಪಟ್ಟಣದ ಬಳಿಯ 'ಪಯಣ'ದಲ್ಲಿಯೂ ಅವುಗಳನ್ನು ಅಕ್ಕರೆಯಿಂದ ಕಾಪಾಡಿದ್ದಾರೆ. ಚಿತ್ರದಲ್ಲಿ ತಿಳಿಯದ ಎಷ್ಟೋ ಸಂಗತಿ ಗಾಡಿಯ ಪಕ್ಕದಲ್ಲಿ ನಿಂತಾಗ ತಿಳಿಯುತ್ತದೆ.

ಗೂಡಿಗೆ ತಕ್ಕಮಟ್ಟಿನ ಬೆಲೆ ಬಂತು. ಸಾಲದ ಕಂತೂ ಸಂದಿತು. ಮರುದಿನ ಬೆಳಗ್ಗೆ, ಗಾಳಿ ಏಳುವ ಮುನ್ನ, ಊರಾಚೆಯ ತೋಪಿನಲ್ಲಿ ಹುಡುಗ ಗಾಡಿಗೆ ಕಪ್ಪು ಬಣ್ಣ ಹಚ್ಚಿದ. ಈಗ ಅದು ನಡುಮನೆಯ ಗೂಡಿನಲ್ಲಿ, ಗಾಜಿನ ಮುಚ್ಚಳದ ಕೆಳಗೆ, ಹಿತ್ತಾಳೆಯ ಮುಖವನ್ನು ಹೊಳೆಯಿಸುತ್ತ ನಿಂತಿದೆ. ಎಡಗಡೆಯ ಬಾಗಿಲ ಮೇಲೆ ಬಣ್ಣ ಹಸಿಯಿರುವಾಗ ತಾಗಿದ ಹುಡುಗನ ಬೆರಳಿನ ಗುರುತೊಂದು ಉಳಿದಿದೆ. ಸವರಿ ಮತ್ತೆ ಬಳಿಯಲೆಂದು ಅವನು ಉಪ್ಪುಕಾಗದವನ್ನು ತಂದಾಗ, "ಇರಲಿ ಬಿಡು ಕಂದ, ಯಾರು ಮಾಡಿದ್ದೆಂದು ಗೊತ್ತಾಗಲಿ" ಎಂದರು ತಾತ. ಹುಡುಗ ಉಪ್ಪುಕಾಗದವನ್ನು ಪೆಟ್ಟಿಗೆಗೆ ಸೇರಿಸಿದ.