ವಸತಿ ಪ್ರದೇಶದಲ್ಲಿ ಮೊಬೈಲ್ ಟವರ್: ವರ್ತಕರು ಅರಿತಿರಬೇಕಾದ ಅಂಶಗಳು

ಹುಮನಾಬಾದ್, ಬಸವಕಲ್ಯಾಣಗಳ ಪೇಟೆಯಿಂದ ಗೋರ್ಟಾ (ಬಿ)ಯಂತಹ ಗ್ರಾಮಗಳವರೆಗೆ ವ್ಯಾಪಾರವು ಇಂದು ಮೊಬೈಲ್ ಸಂಪರ್ಕವನ್ನು ಅವಲಂಬಿಸಿದೆ. ತೊಗರಿ, ಸೋಯಾಬೀನ್ ಧಾರಣೆ ತಿಳಿಯುವುದಕ್ಕೂ, ಯುಪಿಐ ಪಾವತಿಗೂ, ಇ-ವೇ ಬಿಲ್ಲಿಗೂ ಅದೇ ಆಧಾರ. ಆದರೆ ಟವರ್ ಬೇಕೆನ್ನುವವರೇ ತಮ್ಮ ಮನೆಯ ಪಕ್ಕದಲ್ಲಿ ಅದು ಬೇಡವೆನ್ನುತ್ತಾರೆ. ಮಾಳಿಗೆಯನ್ನು ಬಾಡಿಗೆಗೆ ನೀಡುವ ಅಂಗಡಿ ಮಾಲೀಕರು ಈ ಇಕ್ಕಟ್ಟಿನ ನಡುವೆ ನಿಲ್ಲಬೇಕಾಗುತ್ತದೆ.

ವಿಕಿರಣದ ಮಿತಿ

ರೇಡಿಯೋ ತರಂಗಗಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರ ಮೇ ತಿಂಗಳಲ್ಲಿ ‘2ಬಿ’ ಗುಂಪಿಗೆ, ಅಂದರೆ ಕ್ಯಾನ್ಸರ್‌ಕಾರಕವಾಗಿರಬಹುದಾದವುಗಳ ಸಾಲಿಗೆ ಸೇರಿಸಿತು. ಸೀಮಿತ ಪುರಾವೆಯ ಮೇಲಿನ ಈ ವರ್ಗೀಕರಣವು ಅಪಾಯ ಸಾಬೀತಾಗಿದೆ ಎಂಬ ತೀರ್ಪಲ್ಲ. ಭಾರತವು 2012ರ ಸೆಪ್ಟೆಂಬರ್ 1ರಿಂದ ಟವರ್‌ಗಳ ವಿಕಿರಣ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. 900 ಮೆಗಾಹರ್ಟ್ಸ್ ತರಂಗಕ್ಕೆ ಚದರ ಮೀಟರಿಗೆ 4.5 ವ್ಯಾಟ್ ಇದ್ದುದು 0.45 ವ್ಯಾಟ್ ಆಯಿತು. ಆಂಟೆನಾದ ನೇರ ಮುಂದೆ, ಅದೇ ಎತ್ತರದಲ್ಲಿ ಕಟ್ಟಡವಿದ್ದರೆ ಒಂದು ಆಂಟೆನಾಗೆ 20 ಮೀಟರ್, ಎರಡಕ್ಕೆ 35 ಮೀಟರ್ ಅಂತರವನ್ನು ಅಂದಿನ ಮಾರ್ಗಸೂಚಿ ಸೂಚಿಸಿತ್ತು.

ಪಂಚಾಯತಿಯ ಅಧಿಕಾರ

ದೂರಸಂಪರ್ಕವು ಕೇಂದ್ರದ ವಿಷಯವಾದುದರಿಂದ ವಿಕಿರಣದ ಮಿತಿಯನ್ನು ಗ್ರಾಮ ಪಂಚಾಯತಿ ನಿಗದಿಪಡಿಸಲಾರದು. ಕಟ್ಟಡ ನಿರ್ಮಾಣದ ಅನುಮತಿಯು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಪಂಚಾಯತಿಗೆ ಸೇರಿದೆ. ಆದರೆ ಟವರಿನ ಮಟ್ಟಿಗೆ ಈ ಅಧಿಕಾರ ಕಿರಿದಾಗುತ್ತ ಬಂದಿದೆ. 2022ರ ಆಗಸ್ಟ್ ತಿದ್ದುಪಡಿಯು ಖಾಸಗಿ ಆಸ್ತಿಯ ಮೇಲಿನ ಟವರಿಗೆ ಅನುಮತಿಯ ಅಗತ್ಯವನ್ನೇ ತೆಗೆದು, ಲಿಖಿತ ಪೂರ್ವಸೂಚನೆ ಹಾಗೂ ರಚನಾ ಇಂಜಿನಿಯರರ ದೃಢೀಕರಣ ಸಾಕೆಂದಿತು. 2023ರ ದೂರಸಂಪರ್ಕ ಅಧಿನಿಯಮದಡಿ ರೂಪಿತವಾದ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದಿವೆ. ಈ ಅಧಿನಿಯಮದಂತೆ ಖಾಸಗಿ ಆಸ್ತಿಯ ವಿಷಯದಲ್ಲಿ ಮಾಲೀಕರೊಂದಿಗಿನ ಒಪ್ಪಂದವೇ ಮೊದಲ ಹೆಜ್ಜೆ.

ತೆರಿಗೆಯ ತೊಡಕು

ಮೊಬೈಲ್ ಟವರಿಗೆ ಆಸ್ತಿ ತೆರಿಗೆ ವಿಧಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರ್ 16ರಂದು ಅಹಮದಾಬಾದ್ ಮಹಾನಗರಪಾಲಿಕೆಯ ಪ್ರಕರಣದಲ್ಲಿ ತೀರ್ಪಿತ್ತಿತು. ಆದರೆ 2023ರ ಅಧಿನಿಯಮದ 14ನೇ ಪ್ರಕರಣವು, ಆಸ್ತಿ ತೆರಿಗೆಯ ಉದ್ದೇಶಕ್ಕಾಗಿ ದೂರಸಂಪರ್ಕ ಜಾಲವನ್ನು ಆ ಆಸ್ತಿಯ ಭಾಗವೆಂದು ಪರಿಗಣಿಸತಕ್ಕದ್ದಲ್ಲ ಎನ್ನುತ್ತದೆ. ಆದುದರಿಂದ ತೆರಿಗೆ ಯಾರ ಹೊಣೆ ಎಂಬುದನ್ನು ಒಪ್ಪಂದದಲ್ಲಿಯೇ ಸ್ಪಷ್ಟವಾಗಿ ಬರೆಸುವುದು ಒಳಿತು.

ವರ್ತಕರಿಗೆ ಸಲಹೆ

ಬಾಡಿಗೆಯ ಮೊತ್ತವೊಂದನ್ನೇ ನೋಡಿ ಸಹಿ ಹಾಕುವುದು ಸರಿಯಲ್ಲ. ಹಳೆಯ ಮಾಳಿಗೆ ಟವರಿನ ಭಾರವನ್ನು ತಾಳಬಲ್ಲುದೇ ಎಂಬುದನ್ನು ಇಂಜಿನಿಯರರಿಂದ ಪರೀಕ್ಷಿಸಬೇಕು. ಜನರೇಟರಿನ ಸದ್ದು, ಅಪಘಾತದ ವಿಮೆ, ಅವಧಿ ಮುಗಿದಾಗ ಟವರ್ ತೆರವು ಇವುಗಳ ಷರತ್ತುಗಳು ಕರಾರಿನಲ್ಲಿರಬೇಕು. ವಿಕಿರಣದ ಕುರಿತ ಅನುಮಾನಗಳಿಗೆ 2017ರಲ್ಲಿ ಆರಂಭವಾದ ‘ತರಂಗ್ ಸಂಚಾರ್’ ವ್ಯವಸ್ಥೆಯಲ್ಲಿ ಶುಲ್ಕ ಕಟ್ಟಿ ಮಾಪನ ಮಾಡಿಸುವ ಅವಕಾಶ ಕಲ್ಪಿಸಲಾಯಿತು. ಇವೆಲ್ಲಕ್ಕೂ ಮೊದಲು ನೆರೆಹೊರೆಯವರಿಗೆ ವಿಷಯ ತಿಳಿಸುವುದು ಲೇಸು. ಅವರೇ ಅಂಗಡಿಯ ನಿತ್ಯದ ಗಿರಾಕಿಗಳು. ಅವರ ವಿಶ್ವಾಸ ಕಳೆದುಕೊಂಡು ಗಳಿಸಿದ ಬಾಡಿಗೆ ಲಾಭವೆನಿಸದು.