ಕೆಚ್ಚಲು, ಸೂಜಿ ಮತ್ತು ಶಾಸನ

ಅಮೃತಮಹಲ್ ಕಾವಲಿಗೆ ಹೆಸರಾದ ಚಳ್ಳಕೆರೆಯಲ್ಲಿಯೂ ನೆರೆಯ ಮೊಳಕಾಲ್ಮುರುವಿನಲ್ಲಿಯೂ ಮ್ಯಾಸಬೇಡರು, ಕಾಡುಗೊಲ್ಲರು ದೇವರ ಎತ್ತುಗಳ ಹಿಂಡನ್ನು ಕುಲದ ನಿಧಿಯೆಂದು ಬಗೆದು, ಅದನ್ನು ಕಾಯಲೆಂದೇ ಕಿಲಾರಿಗಳನ್ನು ನೇಮಿಸಿ, ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿರುವರು. ಇಂತಹ ಸೀಮೆಯಲ್ಲಿ ನಾಟಿ ಹಸುವನ್ನು ಕರೆಯಹೊರಟವರು ಮೊದಲು ಕರುವನ್ನು ಬಿಡುತ್ತಾರೆ. ಅದು ಮೂತಿಯಿಂದ ಕೆಚ್ಚಲನ್ನು ಗುದ್ದಿ ಗುದ್ದಿ ಚೀಪಲು, ಮೊಲೆಗಳು ತುಂಬಿ ಹಸು ಸೊರೆ ಬಿಡುತ್ತದೆ. ಆಮೇಲೆಯೇ ಕರುವನ್ನು ಎಳೆದು ಕಟ್ಟಿ ಹಾಲು ಕರೆಯುವುದು. ಕರು ಚೀಪುವ ಗಳಿಗೆಯಲ್ಲಿ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯಿಂದ ರಕ್ತಕ್ಕಿಳಿಯುವ ಹಾರ್ಮೋನೇ ಆಕ್ಸಿಟೋಸಿನ್.

ಇದನ್ನು ಪ್ರಯೋಗಶಾಲೆಯಲ್ಲಿ ಸಂಯೋಜಿಸಿದ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೆರಿಗೆಯಾದೊಡನೆ ಗರ್ಭಕೋಶವನ್ನು ಸಂಕೋಚಗೊಳಿಸಿ ರಕ್ತಸ್ರಾವವನ್ನು ತಡೆಯುವ ಈ ಮದ್ದು ಬಾಣಂತಿಯರ ಪಾಲಿಗೆ ಪ್ರಾಣರಕ್ಷಕವಾಯಿತು; ಆದರೆ ಅದೇ ಮದ್ದು ಲಾಭದಾಸೆಯವರ ಕೈಗೆ ಸಿಕ್ಕಿ, ಕರುವಿನ ಹಂಗಿಲ್ಲದೆ ಹಾಲಿಳಿಸಲೆಂದು ಕೊಟ್ಟಿಗೆಯನ್ನೂ ಹೊಕ್ಕಿತು. ಮೂಕಪ್ರಾಣಿಗಾದರೋ ಬೇಡವೆನ್ನುವ ಬಾಯಿಯೇ ಇಲ್ಲ. ಆದುದರಿಂದಲೇ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 12ನೆಯ ಪ್ರಕರಣವು, ಹಾಲು ಹೆಚ್ಚಿಸಲು ಆರೋಗ್ಯಕ್ಕೆ ಹಾನಿಕರವಾದ ವಸ್ತುವನ್ನು ಚುಚ್ಚುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನೋ, ದಂಡವನ್ನೋ, ಇಲ್ಲವೆ ಎರಡನ್ನೂ ವಿಧಿಸಿದೆ. ಔಷಧ ನಿಯಮಗಳು ಆಕ್ಸಿಟೋಸಿನ್ ಅನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕಟ್ಟುಮಾಡಿವೆ.

ಇಷ್ಟರಿಂದ ತೃಪ್ತವಾಗದ ಕೇಂದ್ರ ಸರ್ಕಾರವು 2018ರ ಏಪ್ರಿಲ್ 27ರಂದು, ದೇಶದ ಬಳಕೆಗಾಗಿ ಇದನ್ನು ತಯಾರಿಸುವ ಹಕ್ಕನ್ನು ಖಾಸಗಿ ಕಂಪನಿಗಳಿಂದ ಕಿತ್ತು, ಬೆಂಗಳೂರಿನ ಸರ್ಕಾರಿ ಸಂಸ್ಥೆಯಾದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದಕ್ಕೇ ವಹಿಸಿತು. ಒಂದೇ ಕಾರ್ಖಾನೆಯನ್ನು ನೆಚ್ಚಿದರೆ ಹೆರಿಗೆಮನೆಗಳಲ್ಲಿ ಮದ್ದಿಗೆ ಅಭಾವವೊದಗುವುದೆಂಬ ಆತಂಕ ನ್ಯಾಯಾಲಯದ ಮೆಟ್ಟಿಲೇರಿತು. ಆ ವರ್ಷದ ಡಿಸೆಂಬರ್ 14ರಂದು ದೆಹಲಿ ಉಚ್ಚ ನ್ಯಾಯಾಲಯವು ಆಜ್ಞೆಯನ್ನು ಸ್ವೇಚ್ಛಾಚಾರದ್ದೆಂದು ರದ್ದುಪಡಿಸಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು.

ನನ್ನ ಮಟ್ಟಿಗೆ ನ್ಯಾಯದ ದಾರಿ ಸ್ಪಷ್ಟವಾಗಿದೆ. ತಂಪಿನಲ್ಲಿಟ್ಟು ಕಾಪಾಡಬೇಕಾದ ಈ ಮದ್ದು ದೂರದ ಹಳ್ಳಿಯ ಹೆರಿಗೆ ಕೋಣೆಗೆ ವೇಳೆಗೆ ಸರಿಯಾಗಿ ತಲಪಲೇಬೇಕು. ಚೀಟಿಯಿಲ್ಲದೆ ಮಾರುವ ಅಂಗಡಿಯನ್ನೂ, ಗುಟ್ಟಾಗಿ ಸೂಜಿ ಚುಚ್ಚುವ ಕೊಟ್ಟಿಗೆಯನ್ನೂ ಔಷಧ ನಿರೀಕ್ಷಕರು, ಪಶುವೈದ್ಯರು, ಪೊಲೀಸರು ಒಡಗೂಡಿ ಶೋಧಿಸಬೇಕು. ಹಸುವಿನ ನೋವಿಗೆ ಮರುಗುವ ಶಾಸನವು ಬಾಣಂತಿಯ ಪ್ರಾಣವನ್ನು ಅದಕ್ಕೆ ಬೆಲೆಯಾಗಿ ತೆರಬಾರದು. ಎರಡು ಜೀವಗಳನ್ನೂ ಕಾಯುವ ಶಕ್ತಿ ಈಗಿರುವ ಕಾಯಿದೆಗಳಲ್ಲಿಯೇ ಇದೆ, ನಡೆಸುವವರ ನಿಷ್ಠೆಯೊಂದು ಕೂಡಿಬರಬೇಕು.