ರಾಜೇಶ್ವರದ ದಾರಿ ಮತ್ತು ವಿಮಾನದಳದ ಸಿದ್ಧತೆ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಉಮರ್ಗಾ ದಾಟಿದ ಬಳಿಕ ಬಸವಕಲ್ಯಾಣ ತಾಲೂಕಿನ ರಾಜೇಶ್ವರವೂ, ಅದರಾಚೆ ಹುಮನಾಬಾದವೂ ಬರುತ್ತವೆ. 1948ರ ಸೆಪ್ಟೆಂಬರ ತಿಂಗಳಲ್ಲಿ ಮೇಜರ್ ಜನರಲ್ ಚೌಧುರಿಯವರ ಸೈನ್ಯವು ನಿಜಾಮನ ರಾಜ್ಯವನ್ನು ಹೊಕ್ಕದ್ದು ಇದೇ ದಾರಿಯಿಂದ. ಕಾರ್ಯಾಚರಣೆಯ ಎರಡನೆಯ ದಿನ, ಅಂದರೆ 14ನೆಯ ತಾರೀಖು, ಉಮರ್ಗಾದಿಂದ ರಾಜೇಶ್ವರದವರೆಗಿನ ಸುಮಾರು 30 ಮೈಲುಗಳಲ್ಲಿ ಶತ್ರುಗಳು ಹೊಂಚು ಹಾಕಿ ಕುಳಿತಿರುವರೆಂದು ವೈಮಾನಿಕ ವೀಕ್ಷಣೆಯಿಂದ ತಿಳಿದುಬಂದಿತು. ಕೂಡಲೆ ಟೆಂಪೆಸ್ಟ್ ಯುದ್ಧವಿಮಾನಗಳನ್ನು ಕರೆಯಿಸಲಾಯಿತು. ಅವು ದಾರಿಯನ್ನು ತೆರವು ಮಾಡಿಕೊಟ್ಟವು. ಮಧ್ಯಾಹ್ನದೊಳಗಾಗಿ ರಾಜೇಶ್ವರವು ಕೈವಶವಾಯಿತು. 17ರ ಬೆಳಗಿನ ಜಾವ ಸೈನ್ಯವು ಬೀದರವನ್ನು ಪ್ರವೇಶಿಸಿತು. ಅಂದು ಸಂಜೆಯೇ ನಿಜಾಮರು ಯುದ್ಧವಿರಾಮವನ್ನು ಸಾರಿದರು.

ಈ ಕಥೆಯನ್ನು ನಮ್ಮಲ್ಲಿ ಹೇಳುವವರು ಬಹಳ. ಆದರೆ ಆ ಟೆಂಪೆಸ್ಟ್‌ಗಳು ಕರೆದ ಹೊತ್ತಿಗೆ ಬರಲು ಹೇಗೆ ಶಕ್ತವಾದವು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ವಾಚಕರು ಇದನ್ನೇ ಆಲೋಚಿಸಬೇಕೆಂದು ನಮ್ಮ ಬಿನ್ನಹ.

ಅವು ಹೊರಟದ್ದು ಪುಣೆಯಿಂದ. ಅಲ್ಲಿಂದ ಹುಮನಾಬಾದ ಸೀಮೆಗೆ ಆಕಾಶಮಾರ್ಗದಲ್ಲಿ 200 ಮೈಲಿಗೂ ಮಿಕ್ಕಿದ ದೂರ. ಕಾಲವಾದರೋ ಮಳೆಗಾಲದ ಕೊನೆ. ಒಬ್ಬನೇ ವೈಮಾನಿಕನು ಕೂಡ್ರುವ ವಿಮಾನ; ದಾರಿ ನೋಡುವವನು, ಗುರಿ ಹಿಡಿಯುವವನು, ಇಂಧನದ ಲೆಕ್ಕವಿಡುವವನು ಎಲ್ಲ ಅವನೊಬ್ಬನೇ. ವಿಮಾನದಳವೂ ಆಗ ಅತಿ ಚಿಕ್ಕದು. ದೇಶ ವಿಭಜನೆಯೊಡನೆ ಅದರ ಪಾಲೂ ಆಗಿತ್ತು. ಕರಾಚಿಯ ಡ್ರಿಗ್ ರೋಡ್, ರಿಸಾಲ್‌ಪುರ, ಪೇಶಾವರ ಮೊದಲಾದ ಹಳೆಯ ನೆಲೆಗಳು ಆಚೆಗೆ ಹೋದವು. 1947ರ ಅಕ್ಟೋಬರ 27ರಿಂದ ಕಾಶ್ಮೀರದ ಯುದ್ಧವು ಇದ್ದ ವಿಮಾನಗಳನ್ನೂ ವೈಮಾನಿಕರನ್ನೂ ದಣಿಸುತ್ತಲೇ ಇತ್ತು. ಹೀಗಿರಲು ದಕ್ಷಿಣದಲ್ಲಿ ಇನ್ನೊಂದು ಕಾರ್ಯಾಚರಣೆಗೆ ವಿಮಾನಗಳನ್ನು ಒದಗಿಸುವುದು ಸುಲಭವಾಗಿರಲಿಲ್ಲ.

ಪಟ್ಟಿಯಲ್ಲಿರುವ ವಿಮಾನ ಬೇರೆ, ಬೆಳಿಗ್ಗೆ ನೆಲ ಬಿಟ್ಟೇಳುವ ವಿಮಾನ ಬೇರೆ. ಟೆಂಪೆಸ್ಟಿನ ಯಂತ್ರದಲ್ಲಿ 18 ಸಿಲಿಂಡರುಗಳು, ಸುಮಾರು 2,500 ಅಶ್ವಶಕ್ತಿ. ಒಂದು ಬಿಡಿಭಾಗ ಸಿಕ್ಕದಿದ್ದರೆ ಅಷ್ಟು ಶಕ್ತಿಯೂ ಮೂಲೆ ಹಿಡಿಯುತ್ತದೆ. 1933ರ ಏಪ್ರಿಲಿನಲ್ಲಿ ನಾಲ್ಕು ವಾಪಿಟಿ ವಿಮಾನಗಳೊಡನೆ ನಮ್ಮ ದಳದ ಮೊದಲ ತುಕಡಿಯು ಆರಂಭವಾದಾಗ ಅದರಲ್ಲಿದ್ದವರು ಆರು ಮಂದಿ ಅಧಿಕಾರಿಗಳು, 19 ಮಂದಿ ಹವಾಯಿ ಸಿಪಾಯಿಗಳು. ಎರಡನೆಯ ಮಹಾಯುದ್ಧವು ಮುಗಿಯುವ ಹೊತ್ತಿಗೆ ಒಟ್ಟು ಜನ ಸುಮಾರು 28,500; ಅದರಲ್ಲಿ ಅಧಿಕಾರಿಗಳು 1,600 ಮಾತ್ರ. ಹಾರುವವನೊಬ್ಬನ ಹಿಂದೆ ಕೈಗೆ ಎಣ್ಣೆ ಹತ್ತಿದ ಎಷ್ಟು ಮಂದಿ ನಿಲ್ಲಬೇಕೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಈ ಮಾತಿಗೆ ಕನ್ನಡನಾಡಿನ ಉದಾಹರಣೆಯೇ ಇದೆ. ಮಹಾಯುದ್ಧದ ನಂತರ ಕಾನ್ಪುರದಲ್ಲಿ ಲಿಬರೇಟರ್ ಎಂಬ ನಾಲ್ಕು ಯಂತ್ರಗಳ ಬಾಂಬರುಗಳನ್ನು, ಮತ್ತಾರಿಗೂ ಉಪಯೋಗವಾಗದಂತೆ ಕೆಡಿಸಿ, ಗುಜರಿಯಾಗಿ ಬಿಟ್ಟುಹೋಗಿದ್ದರು. 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರ ಸಾಹಸದಿಂದಲೂ ಮೈಸೂರು ಸರಕಾರದ ನೆರವಿನಿಂದಲೂ ಬೆಂಗಳೂರಲ್ಲಿ ಸ್ಥಾಪಿತವಾದ ಹಿಂದುಸ್ತಾನ ವಿಮಾನ ಕಾರ್ಖಾನೆಯ ಕೆಲಸಗಾರರು ಅವನ್ನು ಹಾರಲು ತಕ್ಕಷ್ಟು ಸರಿಪಡಿಸಿದರು. ಜಮ್‌ಷೇದ್ ಮುನ್ಶಿ ಎಂಬ ಪರೀಕ್ಷಕ ವೈಮಾನಿಕರು ಒಂದೊಂದನ್ನಾಗಿ ಬೆಂಗಳೂರಿಗೆ ಹಾರಿಸಿ ತಂದರು. ಅಲ್ಲಿ ಪೂರ್ಣವಾಗಿ ದುರಸ್ತಿಯಾದ ಮೊದಲ ವಿಮಾನಗಳಿಂದ 1948ರ ನವೆಂಬರದಲ್ಲಿ 5ನೆಯ ದಳವು ಕಟ್ಟಲ್ಪಟ್ಟಿತು. ಪರರು ಗುಜರಿಯೆಂದು ಎಸೆದವುಗಳು ನಮ್ಮಲ್ಲಿ 1968ರವರೆಗೆ ಸೇವೆ ಸಲ್ಲಿಸಿದವು.

ವಿಮಾನವನ್ನು ದುರಸ್ತಿ ಮಾಡಬಹುದು. ವೈಮಾನಿಕನನ್ನು ಹಾಗೆ ದುರಸ್ತಿ ಮಾಡಲಾಗದು. ಅಂದಿನ ಶಿಷ್ಯನು ಟೈಗರ್ ಮಾತ್‌ನಲ್ಲಿ ಮೊದಲ ಪಾಠ ಕಲಿತು, 600 ಅಶ್ವಶಕ್ತಿಯ ಹಾರ್ವರ್ಡಿಗೆ ಏರುತ್ತಿದ್ದನು. ಅದರಲ್ಲಿ ಗುರುವಿಗೊಂದು ಆಸನವಿತ್ತು. ಮುಂದೆ ಟೆಂಪೆಸ್ಟನ್ನು ಹತ್ತಿದ ಮೊದಲ ದಿನ ಗುರು ನೆಲದ ಮೇಲೆಯೇ ನಿಲ್ಲಬೇಕಾಗಿತ್ತು. ಈ ಅಂತರವು ಸ್ವಾತಂತ್ರ್ಯಾನಂತರವೂ ಬಹುಕಾಲ ಬೇರೆ ರೂಪದಲ್ಲಿ ಉಳಿಯಿತು. ಕಿರಣ್ ಎಂಬ ಸೌಮ್ಯ ತರಬೇತಿ ವಿಮಾನದಲ್ಲಿ ಪಳಗಿದ ತರುಣರು ಅತಿವೇಗದ ಮಿಗ್-21ನ್ನು ಏರುತ್ತಿದ್ದರು. ಅನೇಕರು ಪ್ರಾಣ ತೆತ್ತರು. ನಡುವಣ ಮೆಟ್ಟಿಲಾಗಿ ಉನ್ನತ ಜೆಟ್ ತರಬೇತಿ ವಿಮಾನವು ಬೇಕೆಂದು ಲಾ ಫಾಂಟೇನ್ ಸಮಿತಿಯು 1982ರಲ್ಲಿಯೇ ಹೇಳಿತ್ತು. ಹಾಕ್ ವಿಮಾನದ ಒಪ್ಪಂದವಾದದ್ದು 2004ರಲ್ಲಿ. ಅದು ದಳವನ್ನು ಸೇರಿದ್ದು 2008ರ ಫೆಬ್ರುವರಿಯಲ್ಲಿ. ಕಡತಗಳು ಇಪ್ಪತ್ತಾರು ವರ್ಷ ತಡೆದವು. ಅದರ ಬೆಲೆಯನ್ನು ತೆತ್ತವರು ತಾಯಿತಂದೆಗಳು. ಅಧಿಕಾರಸ್ಥಾನದಲ್ಲಿರುವ ವಾಚಕರು ಈ ವಾಕ್ಯದ ಬಳಿ ತುಸು ನಿಲ್ಲಬೇಕೆಂದು ನಾವು ಕೋರುತ್ತೇವೆ.

ಆ ಹಾಕ್ ವಿಮಾನಗಳು ಬಂದಿಳಿದದ್ದು ನಮ್ಮ ಬೀದರದಲ್ಲಿಯೇ. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕನು ಕರಾಚಿಯಿಂದ ರಾತ್ರಿಯ ವೇಳೆ ಕಳ್ಳತನದಿಂದ ನಿಜಾಮನಿಗೆ ಶಸ್ತ್ರಗಳನ್ನು ತಂದಿಳಿಸುತ್ತಿದ್ದ ನೆಲೆಗಳಲ್ಲಿ ಬೀದರವೂ ಒಂದು. ಶಸ್ತ್ರಗಳು ಬಂದವು, ಆದರೆ ನಿಜಾಮನಿಗೆ ಕಾದಾಡಬಲ್ಲ ವಿಮಾನದಳವಿರಲಿಲ್ಲ. ವಿಮಾನವನ್ನು ಹಣ ಕೊಟ್ಟು ತರಬಹುದು. ಸಿದ್ಧತೆಯನ್ನು ಕತ್ತಲೆಯಲ್ಲಿ ತಂದಿಳಿಸಲಾಗದು. ಅಂಥ ಊರು ಇಂದು ದೇಶದ ವೈಮಾನಿಕರ ಗುರುಕುಲವಾಗಿರುವುದು ಹೆಮ್ಮೆಯ ಸಂಗತಿಯೇ ಸರಿ.

ಇನ್ನೊಂದು ಮಾತನ್ನು ಮರೆಮಾಚುವುದು ಉಚಿತವಲ್ಲ. ಆ ವರ್ಷದ ಮೇ ತಿಂಗಳಲ್ಲಿ ರಜಾಕಾರರು ಗೋರಟಾ ಗ್ರಾಮದಲ್ಲಿ ನಡೆಸಿದ ಹತ್ಯೆಗಳನ್ನು ಈ ಸೀಮೆ ಮರೆತಿಲ್ಲ. ಕಾರ್ಯಾಚರಣೆಯ ನಂತರ ಬೀದರ, ಕಲಬುರ್ಗಿ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನ ನೆರೆಹೊರೆಯವರು ಅನುಭವಿಸಿದ ದುಃಖವನ್ನು ಸುಂದರಲಾಲ ಸಮಿತಿಯು ಬರೆದಿಟ್ಟಿದೆ. ಐದು ದಿನಗಳಲ್ಲಿ ಗೆಲ್ಲುವುದಕ್ಕೆ ವಿಮಾನಗಳ ಸಿದ್ಧತೆ ಸಾಕಾಯಿತು. ಗೆದ್ದ ನಂತರದ ನಾಗರಿಕ ಆಡಳಿತಕ್ಕೆ ಅಷ್ಟೇ ಸಿದ್ಧತೆ ಇರಲಿಲ್ಲ. ರಾಷ್ಟ್ರವು ಎರಡನ್ನೂ ಕಲಿಯಬೇಕು.

ಬಸವಕಲ್ಯಾಣ, ಹುಮನಾಬಾದಗಳ ಹುಡುಗರು ತಲೆಯೆತ್ತಿ ಈ ವಿಮಾನಗಳನ್ನು ನೋಡುತ್ತಾ ಬೆಳೆಯುತ್ತಾರೆ. ನೋಡಿದರಷ್ಟೇ ಸಾಲದು. 1949ರಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ವಿಮಾನದಳದ ತಾಂತ್ರಿಕ ಕಾಲೇಜು ನಡೆದಿದೆ. ಗಣಿತ, ವಿಜ್ಞಾನಗಳಲ್ಲಿ ಭದ್ರವಾದ ಪಾಠವನ್ನು ಕನ್ನಡ ಶಾಲೆಯಲ್ಲಿಯೇ ಕೊಟ್ಟು, ಕೈಕೆಲಸದ ಗೌರವವನ್ನೂ ಕಲಿಸಿದರೆ ಇಲ್ಲಿಯ ಮಕ್ಕಳಿಗೆ ಆ ಬಾಗಿಲು ದೂರವಲ್ಲ. ಕಾಯಕದಲ್ಲಿ ಮೇಲುಕೀಳೆಂಬುದಿಲ್ಲವೆಂದು ಸಾರಿದ ನೆಲವಿದು. ಹಾರುವವನಿಗೆ ಸಲ್ಲುವ ಗೌರವವು ರೆಂಚು ಹಿಡಿದವನಿಗೂ ಸಲ್ಲಲಿ. ಆಗ ದೇಶವು ಕರೆದ ಹೊತ್ತಿಗೆ ವಿಮಾನಗಳು ನೆಲ ಬಿಟ್ಟೇಳುವವು.